ಆರ್ವಿಲ್ ಟಾಸ್ಕರನ ಈಜುಕೊಳ

ಆರ್ವಿಲ್ ಟಾಸ್ಕರನಿಗೆ ಈಜುಕೊಳ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಆ ಬೇಸಿಗೆಯಲ್ಲಿ ಎರಡು ತಿಂಗಳ ಕಾಲ ನಮ್ಮ ಸೀಡರ್ ಬೆಂಡ್ ಊರಿನಲ್ಲಿ ಅದು ಇಲ್ಲವೆಂದು ಗಟ್ಟಿಯಾಗಿ ನಂಬಿದ್ದವರು ಇಬ್ಬರೇ: ಅವನ ಹೆಂಡತಿ ಲೊರೀನ್ ಮತ್ತು ಪಕ್ಕದ ಮನೆಯ ನಾನು. ಕೊನೆಕೊನೆಗೆ ನನಗೂ ಸ್ವಲ್ಪ ಅನುಮಾನ ಬರತೊಡಗಿತ್ತು.

ಅವನ ಹಿತ್ತಲಿನಲ್ಲಿ ಇದ್ದದ್ದು ಒಂದು ನೀಲಿ ಟಾರ್ಪಾಲು. ಅದರ ಕೆಳಗೆ ದೇವದಾರು ಹಲಗೆಗಳ ರಾಶಿ. ಹಿತ್ತಲಿನಲ್ಲೊಂದು ಮರದ ಜಗಲಿ ಇದ್ದರೆ ಸಂಜೆ ಕಾಫಿ ಕುಡಿಯಬಹುದಿತ್ತು ಎಂದು ಲೊರೀನ್ ಒಮ್ಮೆ ಅಂದಿದ್ದಕ್ಕೆ ಆರ್ವಿಲ್ ಹಲಗೆ ತಂದು ಪೇರಿಸಿ, 'ಬರುವ ವಸಂತದಲ್ಲಿ' ಎಂದಿದ್ದ. ಅಲ್ಲಿಂದೀಚೆಗೆ ಒಂಬತ್ತು ವಸಂತಗಳು ಬಂದು ಹಲಗೆಗಳನ್ನು ನೋಡಿಕೊಂಡು ಹೋಗಿದ್ದವು.

ಆರ್ವಿಲ್ ಮೂವತ್ತನಾಲ್ಕು ವರ್ಷ ಶಾಲೆಯ ಬಸ್ಸು ಓಡಿಸಿದವನು. ಒಂದು ಮಗುವಿಗೂ ಗಾಯ ಮಾಡಿದವನಲ್ಲ, ಬಸ್ಸಿನ ಒಂದು ಕನ್ನಡಿಯನ್ನೂ ಒಡೆದವನಲ್ಲ. ಅವನಲ್ಲಿದ್ದ ಕೊರತೆ ಒಂದೇ. ಅವನ ಬಾಯಿಯಲ್ಲಿ 'ಇಲ್ಲ' ಎಂಬ ಮಾತು ಹೊರಡುತ್ತಿರಲಿಲ್ಲ. ಬಾಗಿಲಿಗೆ ಬಂದ ಮಾರಾಟಗಾರನೊಬ್ಬನಿಂದ ನಾಯಿ ತೊಳೆಯುವ ಸೋಪನ್ನು ಅರ್ಧ ಡಜನ್ ಕೊಂಡಿದ್ದ. ಅವನಿಗೆ ನಾಯಿ ಇರಲಿಲ್ಲ. ಆ ಸೋಪು ಮುಗಿಯುವವರೆಗೆ ಗಂಡಹೆಂಡಿರಿಬ್ಬರೂ ಮಿರಮಿರ ಮಿಂಚುತ್ತಿದ್ದರು.

ಆ ವರ್ಷ ನಮ್ಮ ಗುಡ್ಡದಲ್ಲಿ ಮಾತೆಂದರೆ ಒಂದೇ ಮಾತು. ಮೊದಲೆಲ್ಲ ಅಂಗಡಿಯಲ್ಲಿ ಎದುರಾದವರು ಮಂಡಿನೋವು, ಮೊಮ್ಮಕ್ಕಳು ಎಂದು ವಿಚಾರಿಸುತ್ತಿದ್ದರು. ಈಗ, "ನಿಂದು ಇದೆಯಾ, ಹೋಯ್ತಾ?" ಎನ್ನುತ್ತಿದ್ದರು. ಮನೆಯ ವಿಮೆ. ಎರಡು ಗುಡ್ಡದಾಚೆ ಕಾಡು ಹೊತ್ತಿ ಉರಿದ ಮೇಲೆ ಕಂಪನಿಗಳು ಒಂದೊಂದೇ ಮನೆಯಿಂದ ಕೈ ತೊಳೆದುಕೊಳ್ಳುತ್ತಿದ್ದವು. ನನ್ನದು ಫೆಬ್ರವರಿಯಲ್ಲಿ ಹೋಯಿತು. ಎದುರುಮನೆಯ ರಸೆಲ್ ಪಿಂಕ್ನಿಯದು ಮಾರ್ಚಿನಲ್ಲಿ. ಹೀಗೆ ಎಲ್ಲರೂ ಕೈಬಿಟ್ಟವರಿಗಾಗಿ ರಾಜ್ಯದಲ್ಲೊಂದು ಯೋಜನೆ ಇದೆ. ಅದರಲ್ಲಿ ಮೂರು ಪಟ್ಟು ಕಂತು ಕಟ್ಟಿ ಅರ್ಧದಷ್ಟು ರಕ್ಷಣೆ ಪಡೆಯಬಹುದು. ನಾನು ಅದಕ್ಕೆ ಸೇರಿದೆ. ಕಾರಿನ ಕಂತೂ ಏರಿತು. ಯಾಕೆಂದು ಕೇಳಿದರೆ, ಕಾರು ಕೂಡ ಅದೇ ವಿಳಾಸದಲ್ಲಿ ವಾಸವಾಗಿದೆಯಂತೆ.

ಆರ್ವಿಲನದು ಮಾತ್ರ ಉಳಿದಿತ್ತು. ಮೂವತ್ತೊಂದು ವರ್ಷದಿಂದ ಒಂದೇ ಕಂಪನಿ. ಅದರಿಂದಾಗಿ ಅವನ ನಡಿಗೆಯಲ್ಲಿ ಒಂದು ಗತ್ತು ಬಂದಿತ್ತು. "ಹಳೇ ಗಿರಾಕಿ ಅಂದ್ರೆ ಅವರಿಗೂ ಒಂದು ಮರ್ಯಾದೆ ಇರುತ್ತೆ, ಆಗ್ನೆಸ್," ಎಂದು ಬೇಲಿಯ ಮೇಲೆ ಮೊಣಕೈ ಊರಿ ನನಗೆ ಉಪದೇಶ ಮಾಡುತ್ತಿದ್ದ. ಇಪ್ಪತ್ತೆಂಟು ವರ್ಷ ಅಂಚೆ ಕಚೇರಿಯ ಕಿಟಕಿಯಲ್ಲಿ ಕೂತವಳು ನಾನು. ಹಳೇ ಗಿರಾಕಿಗಳಿಗೆ ಎಂಥೆಂಥ ಕಾಗದ ಬರುತ್ತವೆಂದು ಬಲ್ಲೆ.

ಮೇ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ನಾನು ಲೊರೀನಳ ಅಡುಗೆಮನೆಯಲ್ಲಿ ಕೂತು ಅವಳ ಜೊತೆ ಬಟಾಣಿ ಸುಲಿಯುತ್ತಿದ್ದೆ. ಆಗ ಕಂಪನಿಯಿಂದ ಫೋನು ಬಂತು. ಆರ್ವಿಲನಿಗೆ ಕಿವಿ ಸ್ವಲ್ಪ ಮಂದ. ಫೋನನ್ನು ಇಡೀ ಮನೆಗೆ ಕೇಳುವಂತೆ ಇಡುತ್ತಾನೆ.

"ಟಾಸ್ಕರ್ ಅವರೇ, ನಿಮ್ಮ ಮನೇನ ಮೇಲಿಂದ ಫೋಟೋ ತೆಗೆಸಿದ್ದೀವಿ ಸರ್," ಎಂದಿತು ಒಂದು ಹೆಣ್ಣುದನಿ, ಜೇನಿನಲ್ಲಿ ಅದ್ದಿ ತೆಗೆದಂತೆ. "ನಿಮ್ಮ ಈಜುಕೊಳ ಎಷ್ಟು ಚೆನ್ನಾಗಿದೆ ಸರ್! ಮಕ್ಕಳು ಬೀಳದ ಹಾಗೆ ಅದಕ್ಕೆ ಬೇಲಿ ಹಾಕಿಸಿದ್ದೀರಾ?"

ಆರ್ವಿಲ್ ನಮ್ಮತ್ತ ನೋಡಿದ. ಅವನ ಜೀವಮಾನದಲ್ಲಿ ಯಾರೂ ಅವನನ್ನು ಈಜುಕೊಳದ ಒಡೆಯನೆಂದು ಭಾವಿಸಿರಲಿಲ್ಲ. ಬೆನ್ನು ನೆಟ್ಟಗಾಯಿತು.

"ಇನ್ನು ಹಾಕಿಸಬೇಕಮ್ಮ," ಎಂದ.

ಲೊರೀನಳ ಕೈಯಲ್ಲಿದ್ದ ಬಟಾಣಿಗಳು ನೆಲದ ಮೇಲೆ ಓಡಿದವು.

"ಅಲ್ಲ ಮಹರಾಯ, ಯಾವ ಈಜುಕೊಳ?" ಎಂದಳು, ಫೋನು ಇಟ್ಟ ಮೇಲೆ.

"ಆ ಹುಡುಗಿ ಅಷ್ಟು ಸಂತೋಷವಾಗಿ ಕೇಳಿದಳು, ಲೊರೀನ್. ಇಲ್ಲ ಅಂದಿದ್ರೆ ಬೇಜಾರು ಮಾಡ್ಕೊತಿದ್ದಳು."

"ಒಂಬತ್ತು ವರ್ಷದಿಂದ ಜಗಲಿ ಕೇಳ್ತಿದ್ದೀನಿ, ಅದಿಲ್ಲ. ಕೇಳದೆ ಇದ್ದ ಈಜುಕೊಳ ಒಂದು ನಿಮಿಷದಲ್ಲಿ ಬಂತು. ಈಗಲೇ ಫೋನ್ ಮಾಡಿ ನಿಜ ಹೇಳು."

ಮಾಡಿದ. ನಲವತ್ತು ನಿಮಿಷ ಸಂಗೀತ ಕೇಳಿದ ಮೇಲೆ ಒಬ್ಬ ಗಂಡಸು ಸಿಕ್ಕ. ಈ ದನಿಯಲ್ಲಿ ಜೇನು ಇರಲಿಲ್ಲ.

"ಈಜುಕೊಳ ಅಲ್ಲ ಅಂದ್ರೆ ಆ ನೀಲಿ ಏನು?"

"ಟಾರ್ಪಾಲು ಸರ್."

"ಅದರ ಕೆಳಗೆ?"

"ಮರದ ಹಲಗೆ."

ಅತ್ತ ಕಡೆ ಕೀಲಿಮಣೆಯ ಟಕಟಕ. "ಮನೆಯಿಂದ ಎಷ್ಟು ಅಡಿ?"

"ಒಂದು ಹನ್ನೊಂದು..."

"ಮೂವತ್ತು ಅಡಿಯೊಳಗೆ ಉರಿಯೋ ಸಾಮಾನು ಇದ್ದರೆ ಪಾಲಿಸಿ ತಕ್ಷಣ ರದ್ದು. ಈಜುಕೊಳ ಆದ್ರೆ ಬೇಲಿ ಹಾಕಿಸೋಕೆ ಮೂವತ್ತು ದಿನ ಟೈಮ್ ಇದೆ. ಯಾವುದು ಅಂತ ಬರ್ಕೊಳ್ಳಲಿ?"

ಆರ್ವಿಲ್ ಕಣ್ಣು ಮುಚ್ಚಿದ. "ಈಜುಕೊಳ ಅಂತಲೇ ಇರಲಿ ಬಿಡಿ ಸರ್," ಎಂದ.

"ಹಲಗೆ ಎತ್ತಿಸಿಬಿಡು," ಎಂದೆ ನಾನು.

"ಎತ್ತಿಸಿದ್ರೆ ಮುಂದಿನ ಫೋಟೋದಲ್ಲಿ ಈಜುಕೊಳ ಇರಲ್ಲವಲ್ಲ, ಆಗ್ನೆಸ್! ಎಲ್ಲಿ ಹೋಯ್ತು ಅಂತ ಕೇಳಿದ್ರೆ?"

"ಬತ್ತಿಹೋಯ್ತು ಅನ್ನು," ಎಂದಳು ಲೊರೀನ್, ಮೇಜಿನ ಕೆಳಗಿನಿಂದ ಬಟಾಣಿ ಹೆಕ್ಕುತ್ತ.

ಹೀಗೆ ಆರ್ವಿಲ್ ಬೇಲಿಯ ಪರವಾನಗಿಗೆಂದು ಕೌಂಟಿಯ ಆಡಳಿತ ಕಚೇರಿಗೆ ಹೊರಟ. ಧೈರ್ಯಕ್ಕೆಂದು ನನ್ನನ್ನೂ ಕರೆದುಕೊಂಡ. ಗಾಜಿನ ಹಿಂದೆ ಕೂತಿದ್ದವನು ಫ್ಲಾಯ್ಡ್ ಹ್ಯಾಗರ್ಟಿ. ನಮ್ಮೂರಿನವನೇ, ಆದರೆ ಗಾಜಿನ ಹಿಂದೆ ಕೂತಾಗ ಯಾರನ್ನೂ ಗುರುತಿಸುವುದಿಲ್ಲ.

"ಬೇಲಿಗೆ ಪರವಾನಗಿ ಬೇಕಿತ್ತು. ಈಜುಕೊಳದ ಸುತ್ತ ಹಾಕೋಕೆ."

ಫ್ಲಾಯ್ಡ್ ಪರದೆಯನ್ನು ನೋಡಿದ. "ನಿಮ್ಮ ವಿಳಾಸದಲ್ಲಿ ಈಜುಕೊಳವೇ ಇಲ್ಲವಲ್ಲ."

ಆರ್ವಿಲನ ಮುಖ ಅರಳಿತು. "ಹೌದು! ಇಲ್ಲ ಅಂತ ಒಂದು ಕಾಗದ ಬರೆದುಕೊಡ್ತೀರಾ?"

"ಈಗ ತಾನೇ ಇದೆ ಅಂದ್ರಿ."

"ಕಂಪನಿಯವರ ಲೆಕ್ಕದಲ್ಲಿ ಇದೆ."

"ಅಂದ್ರೆ ಪರವಾನಗಿ ಇಲ್ಲದೆ ಕಟ್ಟಿದ್ದೀರಿ." ಫ್ಲಾಯ್ಡ್ ಬೇರೆ ಬಣ್ಣದ ಅರ್ಜಿಯೊಂದನ್ನು ಎಳೆದುಕೊಂಡ.

"ಕಟ್ಟಿಲ್ಲ ಮಾರಾಯ!"

"ಮತ್ತೆ ಬೇಲಿ ಯಾಕೆ?"

"ಅವರು ಕೇಳಿದ್ರಲ್ಲ, ಅದಕ್ಕೆ."

"ನೋಡಿ, ಇಲ್ಲ ಅಂತ ಬರೆದುಕೊಡೋ ಅರ್ಜಿ ನಮ್ಮಲ್ಲಿಲ್ಲ. ಇದ್ದದ್ದನ್ನು ಮುಚ್ಚಿದ್ದೀರಿ ಅಂತ ಬರೆದುಕೊಡಬಹುದು. ಅದಕ್ಕೆ ಕಟ್ಟಿದಾಗಿನ ಪರವಾನಗಿ ಸಂಖ್ಯೆ ಬೇಕು."

"ಕಟ್ಟೇ ಇಲ್ಲ ಅಂದ್ನಲ್ಲ."

"ಅದಕ್ಕೇ ಹೇಳ್ತಿದ್ದೀನಿ. ಮೊದಲು ಕಟ್ಟೋಕೆ ಒಂದು ಅರ್ಜಿ ಹಾಕಿ."

ಆಮೇಲೆ ಫ್ಲಾಯ್ಡ್ ಅತ್ತಿತ್ತ ನೋಡಿ ಗಾಜಿನ ಕಂಡಿಗೆ ಬಾಯಿ ಹತ್ತಿರ ತಂದ. ಈಗ ನಮ್ಮ ಗುರುತು ಹತ್ತಿತ್ತು. "ನಂದೂ ಹೋಯ್ತು ಕಣೋ ಆರ್ವಿಲ್, ಹೋದ ವಾರ. ಮಾಡಿನ ಮೇಲೆ ಪಾಚಿ ಬೆಳೆದಿದೆಯಂತೆ. ಪಾಚಿ ಎಲ್ಲಿದೆ? ನನ್ನ ಮಾಡಿನ ಬಣ್ಣವೇ ಹಸಿರು."

ಪರವಾನಗಿ ಸಿಗಲಿಲ್ಲ. ಆದರೆ ಆರ್ವಿಲ್ ಮನೆಗೆ ಬರುತ್ತ ಅಂಗಡಿಯಲ್ಲಿ ಐದಡಿ ಎತ್ತರದ ತಂತಿಬೇಲಿ, ತಾನೇ ಮುಚ್ಚಿಕೊಳ್ಳುವ ಗೇಟು ಎರಡನ್ನೂ ಕೊಂಡ. ಅಂಗಡಿಯವನು ಕೇಳಿದಾಗ ಯಾವುದಕ್ಕೆಂದು ಹೇಳಿದ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು.

ಮೊದಲು ಬಂದವನು ರಸೆಲ್ ಪಿಂಕ್ನಿ. ಆರ್ವಿಲ್ ಟಾರ್ಪಾಲಿನ ಸುತ್ತ ಕಂಬ ಹುಗಿಯುತ್ತಿದ್ದ.

"ಇಪ್ಪತ್ತು ವರ್ಷದಿಂದ ಎದುರುಮನೆ ನಾನು," ಎಂದ ರಸೆಲ್, ಗೇಟಿನಾಚೆಯೇ ನಿಂತು. "ನನ್ನ ಹುಲ್ಲು ಕೊಯ್ಯೋ ಯಂತ್ರ ಕೇಳಿದಾಗಲೆಲ್ಲ ಕೊಟ್ಟಿದ್ದೀನಿ. ತಲೆ ಸುಡೋ ಬಿಸಿಲಲ್ಲಿ ನಾನು ಅಂಗಳದಲ್ಲಿ ಪೈಪು ಹಿಡಿದು ತಲೆಗೆ ನೀರು ಬಿಟ್ಕೊಳ್ಳೋದನ್ನ ನೀನು ಕಣ್ಣಾರೆ ನೋಡಿದ್ದೀಯ. ಒಂದು ದಿನ, ಒಂದೇ ಒಂದು ದಿನ, ಬಾರೋ ರಸೆಲ್ ಅಂತ ಕರೆದೆಯಾ?"

"ಹಾಗಲ್ಲ ರಸೆಲ್, ಅದರಲ್ಲಿ ನೀರಿಲ್ಲ..."

"ಓಹೋ, ನಾನು ಕೇಳಿದ ತಕ್ಷಣ ನೀರಿಲ್ಲ!" ಎಂದು ರಸೆಲ್ ತಿರುಗಿ ನಡೆದ. ಆಮೇಲೆ ಮೂರು ವಾರ ಅವನು ನಮ್ಮ ಬೀದಿಯಲ್ಲಿ ಆಕಾಶ ನೋಡಿಕೊಂಡು ಓಡಾಡಿದ.

ಭಾನುವಾರ ಲೊರೀನಳ ತಂಗಿ ಮ್ಯಾಕ್ಸೀನ್ ಸ್ಯಾಕ್ರಮೆಂಟೊದಿಂದ ಬಂದಿಳಿದಳು. ದೊಡ್ಡ ಟೋಪಿ, ಹೂವಿನ ಈಜುಡುಪು, ಕಂಕುಳಲ್ಲಿ ಗಾಳಿ ತುಂಬುವ ಹಾಸಿಗೆ. ನೇರವಾಗಿ ಹಿತ್ತಲಿಗೆ ಹೋಗಿ, ತಾನೇ ಮುಚ್ಚಿಕೊಳ್ಳುವ ಗೇಟು ತೆಗೆದು, ಟಾರ್ಪಾಲಿನ ಅಂಚು ಎತ್ತಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಅಕ್ಕಾ," ಎಂದಳು ಕೊನೆಗೆ, "ಭಾವನಿಗೆ ಡಾಕ್ಟರ ಹತ್ತಿರ ತೋರಿಸಿದ್ದೀಯಾ?"

ಇಷ್ಟಕ್ಕೇ ನಿಂತಿದ್ದರೆ ಇದು ನಗುವ ಮಾತಾಗಿಯೇ ಉಳಿಯುತ್ತಿತ್ತು. ಬೇಲಿಯ ಫೋಟೋ ಕಂಪನಿಗೆ ಹೋಗಿತ್ತು; 'ಪರಿಶೀಲನೆಯಲ್ಲಿದೆ' ಎಂದು ಉತ್ತರ ಬಂದಿತ್ತು. ಆದರೆ ಜೂನ್ ಕೊನೆಯ ವಾರ ಬಿಯಾಟ್ರಿಸ್ ಓಲ್ಮೆಡೊ ಬಂದಳು.

ಬಿಯಾಟ್ರಿಸ್ ನಮ್ಮೂರ ಅಗ್ನಿಶಾಮಕ ದಳದ ಮುಖ್ಯಸ್ಥೆ. ವಾರದ ದಿನಗಳಲ್ಲಿ ದನಕುದುರೆಗಳ ಮೇವಿನ ಅಂಗಡಿ ನಡೆಸುತ್ತಾಳೆ. ದಳದಲ್ಲಿರುವ ಹದಿನಾಲ್ಕು ಮಂದಿಯೂ ಹೀಗೆ ಬೇರೆ ಕೆಲಸದ ನಡುವೆ ಓಡಿಬರುವವರೇ. ಅವಳ ಕೈಯಲ್ಲಿ ಸುತ್ತಿಗೆ, ಕೆಂಪು ಹೊಳೆಯುವ ಒಂದು ಫಲಕ. ಅದರ ಮೇಲೆ ನೀರಿನ ಹನಿಯ ಚಿತ್ರ.

"ಆರ್ವಿಲ್, ನೀನು ನನ್ನ ಪಾಲಿನ ದೇವರು ಕಣೋ!" ಎಂದಳು. "ನೀರಿನ ಕೊಳಾಯಿ ಹೆದ್ದಾರಿಗೇ ಮುಗಿದುಹೋಗುತ್ತೆ. ಆಗಸ್ಟಲ್ಲಿ ಹಳ್ಳ ಬತ್ತುತ್ತೆ. ಈ ಮೂರು ಮೈಲಿಯಲ್ಲಿ ಒಂದು ಬಕೆಟ್ ನಿಂತ ನೀರಿಲ್ಲ ಅಂತ ನನಗೆ ನಿದ್ದೆ ಇರಲಿಲ್ಲ. ಎಷ್ಟು ಗ್ಯಾಲನ್ ಹಿಡಿಯುತ್ತೆ?"

ಇದು 'ಇಲ್ಲ' ಎನ್ನುವ ಹೊತ್ತಾಗಿತ್ತು. ಲೊರೀನ್ ಅಡುಗೆಮನೆಯ ಕಿಟಕಿಯಿಂದ ಕೈ ಬೀಸಿದಳು. ನಾನು ಬೇಲಿಯಾಚೆ ಕೆಮ್ಮಿದೆ.

"ಹದಿನೈದು... ಇಪ್ಪತ್ತು..." ಎಂದ ಆರ್ವಿಲ್.

"ಇಪ್ಪತ್ತು ಸಾವಿರ!" ಎಂದು ಬರೆದುಕೊಂಡು, ಫಲಕವನ್ನು ಅವನ ಗೇಟಿಗೆ ನಾಲ್ಕು ಏಟಿನಲ್ಲಿ ಹೊಡೆದು, ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದಾರೆಂದು ಬಿಯಾಟ್ರಿಸ್ ಹೊರಟೇಹೋದಳು.

ಮರುದಿನದಿಂದ ಆರ್ವಿಲ್ ಊಟದ ಮೇಲೆ ಮನಸ್ಸಿಡಲಿಲ್ಲ. ಬಾಗಿಲ ಮೆಟ್ಟಿಲ ಮೇಲೆ ಕೂತು ಆ ಕೆಂಪು ಫಲಕವನ್ನೇ ನೋಡುತ್ತಿದ್ದ. ಗತ್ತು ಇಳಿದುಹೋಗಿತ್ತು. ನಾಲ್ಕನೆಯ ದಿನ ಬೇಲಿಯ ಹತ್ತಿರ ಬಂದ.

"ಆಗ್ನೆಸ್, ಕಂಪನಿಗೆ ಸುಳ್ಳು ಹೇಳಿದ್ರೆ ಕಾಗದ ಬರುತ್ತೆ, ಅಷ್ಟೇ. ಬೆಂಕಿ ಬಂದ ದಿನ ಬಿಯಾಟ್ರಿಸ್ ಈ ಬೋರ್ಡು ನೋಡಿ ಗಾಡಿ ಈ ಕಡೆ ತಿರುಗಿಸಿದ್ರೆ?"

ನಾನೂ ಆ ಫಲಕದತ್ತ ತಿರುಗಿ ನೋಡಿದೆ.

ಜುಲೈ ಮೊದಲ ಶನಿವಾರ ಬೆಳಿಗ್ಗೆ ಅಗ್ನಿಶಾಮಕ ದಳದ ಶೆಡ್ಡಿನಲ್ಲಿ ಊರವರ ಸಭೆ. ಪ್ಯಾನ್‌ಕೇಕು, ಕಾಫಿ, ಆಮೇಲೆ ಬೆಂಕಿ ಬಂದರೆ ಯಾವ ರಸ್ತೆಯಲ್ಲಿ ಓಡಬೇಕೆಂಬ ಭಾಷಣ. ಗೋಡೆಯ ಮೇಲೆ ಗುಡ್ಡದ ನಕ್ಷೆ. ಬಿಯಾಟ್ರಿಸ್ ಅದರ ಮೇಲೆ ನೀಲಿ ತಲೆಯ ಪಿನ್ನೊಂದನ್ನು ಚುಚ್ಚಿ, "ಈ ವರ್ಷದ ದೊಡ್ಡ ಸುದ್ದಿ ಇದು," ಎಂದು ಶುರು ಮಾಡಿದಳು. ಆರ್ವಿಲ್ ಎದ್ದು ನಿಂತ. ಕೈಯಲ್ಲಿದ್ದ ತಟ್ಟೆಯಿಂದ ಸಿರಪ್ಪು ಅವನ ಬೂಟಿನ ಮೇಲೆ ಸುರಿಯುತ್ತಿತ್ತು.

"ಇಲ್ಲ," ಎಂದ.

"ಏನಿಲ್ಲ?"

"ಈಜುಕೊಳ. ನನಗೆ ಈಜುಕೊಳ ಇಲ್ಲ. ಟಾರ್ಪಾಲಿದೆ. ವಿಮೆ ಹೋಗುತ್ತೆ ಅಂತ ಹೆದರಿ ಇದೆ ಅಂದೆ. ಆ ಪಿನ್ನು ತೆಗೆದುಬಿಡಮ್ಮ."

ಶೆಡ್ಡಿನಲ್ಲಿದ್ದ ನೂರು ಮಂದಿಯ ತಲೆಗಳೂ ಅವನತ್ತ ತಿರುಗಿದವು. ಆಗ ಹಿಂದಿನಿಂದ ರಸೆಲನ ದನಿ ಬಂತು.

"ಅಂದ್ರೆ... ನೀನು ನನ್ನನ್ನ ಕರೆಯದೆ ಇದ್ದದ್ದು ಈಜುಕೊಳ ಇಲ್ಲ ಅಂತಲಾ?" ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. "ಹಾಗಾದ್ರೆ ನಾನೂ ಒಂದು ಹೇಳಿಬಿಡ್ತೀನಿ. ನಮ್ಮ ಮನೇಲಿ ಒಂದು ನಾಯಿ ಅಂತ ವಿಮೆಯವರಿಗೆ ಬರೆದುಕೊಟ್ಟಿದ್ದೆ. ಮೂರಿವೆ. ಮೂರೂ ಕಚ್ಚುತ್ತವೆ."

"ಅದು ನಮಗೆಲ್ಲ ಗೊತ್ತು," ಎಂದಿತು ಒಂದು ದನಿ.

ಫ್ಲಾಯ್ಡ್ ಹ್ಯಾಗರ್ಟಿ ಎದ್ದ. ತನ್ನ ಹಸಿರು ಮಾಡಿಗೆ ಪರವಾನಗಿ ಇಲ್ಲದೆ ಕಂದು ಬಣ್ಣ ಬಳಿದೆನೆಂದು ನೆಲ ನೋಡುತ್ತ ಹೇಳಿದ. ನಾನೂ ಎದ್ದೆ. ರಾಜ್ಯದ ಯೋಜನೆಯ ತಪಾಸಣೆಯವನು ಬಂದ ದಿನ ಕಟ್ಟಿಗೆ ಒಲೆಯ ಮೇಲೆ ಕಸೂತಿ ಬಟ್ಟೆ ಹೊದಿಸಿ, ಹೂಕುಂಡವಿಟ್ಟು, ಅಜ್ಜಿಯ ಕಾಲದ ಮೇಜು ಎಂದು ನಂಬಿಸಿದ್ದೆ. ಅವನು ಅದರ ಮೇಲೆ ತನ್ನ ಕಾಗದ ಇಟ್ಟುಕೊಂಡೇ 'ಒಲೆ ಇಲ್ಲ' ಎಂದು ಬರೆದಿದ್ದ. ಶೆಡ್ಡು ನಗುವಿನಿಂದ ಅದುರಿತು. ಒಬ್ಬರಾದ ಮೇಲೆ ಒಬ್ಬರು ಏಳತೊಡಗಿದರು.

ಕೊನೆಗೆ ಎದ್ದವಳು ಹೆಸ್ಟರ್ ಲುಂಡ್, ಎಂಬತ್ತೊಂದು ವರ್ಷದ ಮುದುಕಿ. "ಕಾರಿನ ವಿಮೆಯಲ್ಲಿ ನನ್ನ ಗಂಡ ಇನ್ನೂ ಬದುಕಿದ್ದಾನೆ ಅಂತ ಬರೀತೀನಿ," ಎಂದಳು. "ಒಂಟಿ ಹೆಂಗಸಿಗಿಂತ ಗಂಡಹೆಂಡತಿಗೆ ಕಂತು ಕಡಿಮೆ." ಎಲ್ಲರೂ ನಕ್ಕರು. ಹೆಸ್ಟರ್ ಕೂಡ ನಕ್ಕಳು. "ಸತ್ತು ಆರು ವರ್ಷ ಆಯ್ತು. ಆದ್ರೂ ಆ ಸಾಲಲ್ಲಿ ಅವನ ಹೆಸರು ಬರೆಯುವಾಗ ಚೆನ್ನಾಗಿರುತ್ತೆ."

ನಗು ತಾನಾಗಿ ನಿಂತಿತು. ಲೊರೀನ್ ಹೋಗಿ ಅವಳ ಪಕ್ಕ ಕೂತಳು.

ಬಿಯಾಟ್ರಿಸ್ ನೀಲಿ ಪಿನ್ನನ್ನು ಕಿತ್ತು ಜೇಬಿಗೆ ಹಾಕಿಕೊಂಡಳು. ಅವಳಿಗೆ ನಗು ಬಂದಿರಲಿಲ್ಲ. "ಕಂಪನಿಗೆ ಏನು ಹೇಳ್ಕೊತೀರೋ ಅದು ನಿಮ್ಮ ಹಣೆಬರಹ," ಎಂದಳು. "ನನಗೆ ಮಾತ್ರ ನಿಜ ಹೇಳಿ. ಹೊಗೆಯಲ್ಲಿ ನಮಗೆ ಕಾಣೋದು ಈ ನಕ್ಷೆ ಒಂದೇ." ಆಮೇಲೆ ಆರ್ವಿಲನನ್ನು ಮೇಲಿಂದ ಕೆಳಗೆ ನೋಡಿದಳು. "ದೊಡ್ಡ ಗಾಡಿ ಓಡಿಸೋ ಲೈಸೆನ್ಸು ಇನ್ನೂ ಇದೆಯಾ? ಈ ಸಲ ನಿಜ ಹೇಳು."

"ಇದೆ. ನಿಜವಾಗ್ಲೂ ಇದೆ."

"ನಮ್ಮ ನೀರಿನ ಟ್ಯಾಂಕರ್ ಡ್ರೈವರ್ ಇಲ್ಲದೆ ನಾಲ್ಕು ತಿಂಗಳಿಂದ ನಿಂತಿದೆ. ಸೋಮವಾರ ಬಾ."

ಅದೇ ಮಧ್ಯಾಹ್ನ ರಸೆಲನ ಟ್ರಕ್ಕಿನಲ್ಲಿ ಹಲಗೆಗಳೆಲ್ಲ ಊರಾಚೆ ಹೋದವು. ಟಾರ್ಪಾಲಿನ ಕೆಳಗೆ ಹುಲ್ಲು ಬೆಳ್ಳಗೆ ಬಿದ್ದಿತ್ತು. ಆರ್ವಿಲ್ ಕಂಪನಿಗೆ ಫೋನು ಮಾಡಿ ಈಜುಕೊಳವೂ ಇಲ್ಲ, ಹಲಗೆಯೂ ಇಲ್ಲ, ಹಿತ್ತಲಿನಲ್ಲಿ ಏನೇನೂ ಇಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದ. ಬರೆದುಕೊಂಡಿದ್ದೇವೆ, ಧನ್ಯವಾದ ಎಂದರು.

ಹತ್ತು ದಿನದ ಮೇಲೆ ಕಾಗದ ಬಂತು. ಕನ್ನಡಕ ಸಿಗಲಿಲ್ಲವೆಂದು ನನ್ನ ಕೈಗೆ ಕೊಟ್ಟ. ಪಾಲಿಸಿ ಮುಂದುವರಿಸುವುದಿಲ್ಲ, ಈ ಅಂಚೆ ವಲಯದ ಎಲ್ಲ ಮನೆಗಳನ್ನೂ ಕೈಬಿಡಲಾಗಿದೆ ಎಂದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, ತೀರ್ಮಾನವಾದ ದಿನ: ಏಪ್ರಿಲ್ ಹದಿನಾಲ್ಕು. ಕಾಗದದ ತಾರೀಖು ನೋಡುವುದು ನನ್ನ ಹೊಟ್ಟೆಪಾಡಾಗಿತ್ತು. ಆದರೂ ಮೂರು ಸಲ ಓದಿದೆ. ಜೇನುದನಿಯ ಹುಡುಗಿ ಫೋನು ಮಾಡುವುದಕ್ಕೆ ಮೂರು ವಾರ ಮೊದಲೇ ಎಲ್ಲ ಮುಗಿದಿತ್ತು. ಈಜುಕೊಳ ಇದ್ದರೂ ಅಷ್ಟೇ, ಸಮುದ್ರವೇ ಇದ್ದರೂ ಅಷ್ಟೇ.

ಲೊರೀನ್ ನಗತೊಡಗಿದಳು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆರ್ವಿಲ್ ನಗಲಿಲ್ಲ. "ಮೂವತ್ತೊಂದು ವರ್ಷ, ಆಗ್ನೆಸ್. ಒಂದು ಮಾತು ಹೇಳಬಹುದಿತ್ತು," ಎಂದ. ಅಷ್ಟೇ ಹೇಳಿದ್ದು. ಆಮೇಲೆ ಅವರೂ ನಮ್ಮಂತೆ ರಾಜ್ಯದ ಯೋಜನೆಗೆ ಸೇರಿದರು. ಅದರ ಕಂತಿಗಾಗಿ ಅವನ ಪಿಕಪ್ ಗಾಡಿ ಮಾರಿಹೋಯಿತು. ಆರ್ವಿಲ್ ಟ್ಯಾಂಕರನ್ನು ತೊಳೆದು, ಗಾಜು ಒರೆಸಿ, ಬಸ್ಸಿನಂತೆಯೇ ಪ್ರತಿ ತಿರುವಿನಲ್ಲೂ ಹಾರನ್ ಹೊಡೆಯುತ್ತ ಗುಡ್ಡದ ರಸ್ತೆಗಳಲ್ಲೆಲ್ಲ ಅಭ್ಯಾಸ ಮಾಡಿದ.

ಸೆಪ್ಟೆಂಬರ್ ಎರಡನೆಯ ವಾರ, ಮಧ್ಯಾಹ್ನ ಎರಡು ಗಂಟೆ. ಹೆದ್ದಾರಿಯ ಬದಿಯಲ್ಲಿ ಯಾರೋ ಒಣಹುಲ್ಲು ಕೊಯ್ಯುತ್ತಿದ್ದಾಗ ಯಂತ್ರದ ಅಲಗು ಕಲ್ಲಿಗೆ ತಾಗಿ ಕಿಡಿ ಹಾರಿತು. ಗಾಳಿ ನಮ್ಮ ಕಡೆಗಿತ್ತು. ಲೊರೀನ್ ನನ್ನನ್ನು ತನ್ನ ಕಾರಿನಲ್ಲಿ ಕೂರಿಸಿಕೊಂಡು ಹೊರಟಾಗ ಹಿಂದಿನ ಗಾಜಿನಲ್ಲಿ ಕಿತ್ತಳೆ ಬಣ್ಣ ಬಿಟ್ಟರೆ ಬೇರೇನೂ ಕಾಣಲಿಲ್ಲ. ಎದುರಿನಿಂದ ಹಾರನ್ ಹೊಡೆಯುತ್ತ ಆರ್ವಿಲನ ಟ್ಯಾಂಕರ್ ನಮ್ಮನ್ನು ದಾಟಿ ಬೆಂಕಿಯತ್ತ ಹೋಯಿತು.

ಸಂಜೆ ನಮ್ಮನ್ನು ಮನೆಗಳಿಗೆ ಮರಳಲು ಬಿಟ್ಟರು. ನನ್ನ ಗ್ಯಾರೇಜು, ಅದರಲ್ಲಿದ್ದ ಕಾರು ಎರಡೂ ಹೋಗಿದ್ದವು. ಮನೆ ನಿಂತಿತ್ತು, ಗೋಡೆಯಿಂದ ಇನ್ನೂ ನೀರು ಇಳಿಯುತ್ತಿತ್ತು. ಟ್ಯಾಂಕರಿನಲ್ಲಿದ್ದ ನೀರೆಲ್ಲ ನನ್ನ ಗೋಡೆಗೇ ಖರ್ಚಾಗಿತ್ತು. ಪಕ್ಕದಲ್ಲಿ ಆರ್ವಿಲನ ಮಾಡಿನ ಅಂಚು ಕರಕಲಾಗಿತ್ತು, ತಂತಿಬೇಲಿ ಬಾಗಿತ್ತು. ನನ್ನ ಅಂಗಳದಲ್ಲೇ ನಿಂತಿದ್ದ ಅವನು ತನ್ನ ಮನೆಯತ್ತ ಇನ್ನೂ ನೋಡಿರಲೇ ಇಲ್ಲ. ಮುಖವೆಲ್ಲ ಮಸಿ.

"ಗ್ಯಾರೇಜು ಉಳಿಸೋಕಾಗಲಿಲ್ಲ ಆಗ್ನೆಸ್," ಎಂದ. "ಬೇಜಾರು ಮಾಡ್ಕೋಬೇಡ."

ಲೊರೀನ್ ತನ್ನ ತೋಳಿನಿಂದ ಅವನ ಹಣೆ ಒರೆಸಿದಳು. ಮಸಿ ಇನ್ನಷ್ಟು ಹರಡಿತು.

ಪರಿಹಾರದ ಅರ್ಜಿ ಹದಿನಾಲ್ಕು ಪುಟ. ಅಡುಗೆಮನೆಯಲ್ಲಿ ಕೂತು, ಕಟ್ಟಿಗೆ ಒಲೆ ಇದೆ ಎಂಬುದನ್ನೂ ಸೇರಿಸಿ, ಎಲ್ಲವನ್ನೂ ಇದ್ದ ಹಾಗೆ ತುಂಬಿದೆ. ಹನ್ನೊಂದನೆಯ ಪುಟದಲ್ಲಿ ಒಂದು ಪ್ರಶ್ನೆ: ನಷ್ಟವನ್ನು ತಡೆಯಲು ಯಾರಾದರೂ ಪ್ರಯತ್ನಿಸಿದ್ದರೆ ಅವರ ಹೆಸರು, ಮತ್ತು ಅವರಿಗೂ ನಿಮಗೂ ಇರುವ ಸಂಬಂಧ. ಆರ್ವಿಲ್ ಟಾಸ್ಕರ್ ಎಂದು ಬರೆದೆ. ಸಂಬಂಧಕ್ಕೆ ನಾಲ್ಕು ಚೌಕಗಳಿದ್ದವು: ರಕ್ತಸಂಬಂಧಿ, ನೌಕರ, ಗುತ್ತಿಗೆದಾರ, ಇತರೆ. ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದು, 'ಇತರೆ' ಚೌಕಕ್ಕೆ ಗುರುತು ಹಾಕಿ, ಅದರ ಮುಂದಿದ್ದ ಅಂಗುಲದಷ್ಟು ಜಾಗದಲ್ಲಿ ಬರೆದೆ: ಪಕ್ಕದ ಮನೆಯವನು.